ಮೇಲೊಂದು ಪೌಂಡು

ಸ್ವಿಂಡನ್ನಿನ ಕೋರ್ಟಿನಲ್ಲಿ ದುಭಾಷಿಗೊಂದು ಕುರ್ಚಿ,
ಆರೋಪಿಯ ಗಾಜಿನ ಗೂಡಿಗೆ ತಾಗಿಕೊಂಡೇ ಇದೆ.
ನಾನು ಅವಳ ಕಡೆಯವಳಲ್ಲ, ಇವರ ಕಡೆಯವಳೂ ಅಲ್ಲ,
ಗಂಟೆಗೆ ಇಪ್ಪತ್ತಾರು ಪೌಂಡಿನ ಬಾಯಿ.

ನೀಲಾಂಬಿಕಾ ಕಮತಗಿ, ಮೂವತ್ತೆಂಟು, ರಾತ್ರಿಪಾಳಿಯ ನರ್ಸು.
ಇಂಗ್ಲಿಷು ನನಗಿಂತ ಚೆನ್ನಾಗಿಯೇ ಬರುತ್ತದೆ.
ಆದರೂ ಹಟ ಹಿಡಿದಿದ್ದಳಂತೆ:
ಅಂದದ್ದು ಕನ್ನಡದಾಗ, ಕೇಳೋದೂ ಕನ್ನಡದಾಗ ಕೇಳ್ರಿ.

ಆರೋಪ ಕಿರುಕುಳ.
ಸಾಕ್ಷಿ ಒಂದು, ಹನ್ನೊಂದು ಸೆಕೆಂಡಿನ ಧ್ವನಿ.
ಸಾಕ್ಷಿ ಎರಡು, ಪಾರ್ಸೆಲ್ಲಿನಲ್ಲಿ ಬಂದ ಬೆಳ್ಳಿ ಬಟ್ಟಲು.
ಸಾಕ್ಷಿ ಮೂರು, ಬಟ್ಟಲೊಳಗಿದ್ದ ಒಂದು ಪೌಂಡಿನ ನಾಣ್ಯ,
ಬೇರೆಯೇ ಪ್ಲಾಸ್ಟಿಕ್ ಚೀಲದಲ್ಲಿ, ನಂಟೇ ಇಲ್ಲದ ಹಾಗೆ.

ಧ್ವನಿ ಹಾಕಿದರು:
"ಪ್ರಫುಲ್ಲಾ, ಮದುವಿ ಅಂತಲ್ಲ. ಬರ್ತದ, ನೋಡ್ತಿರು.
ಮುಯ್ಯಿ ತೀರಸ್ತೀನಿ."

ಕೊನೆಯ ಎರಡು ಶಬ್ದ, ಎಂದರು ವಕೀಲರು,
ಇಂಗ್ಲಿಷಿನಲ್ಲಿ ಏನು?

ಹುನಗುಂದದ ನಮ್ಮ ದೊಡ್ಡವ್ವನ ಟ್ರಂಕಿನಲ್ಲಿ
ಕೆಂಪು ರಟ್ಟಿನ ಮುಯ್ಯಿ ವಹಿ:
ಯಾವ ಮದುವೆಗೆ ಯಾರು ಏನು ಮಾಡಿದರು,
ಕುಬಸ, ಹನ್ನೊಂದು ರೂಪಾಯಿ, ಹಿತ್ತಾಳೆ ತಂಬಿಗೆ.
ತಿರುಗಿ ಮಾಡುವಾಗ ಮೇಲೊಂದು ರೂಪಾಯಿ ಇಡಲೇಬೇಕು.
ಸರೀಸಮ ಕೊಟ್ಟರೆ ಸಂಬಂಧ ಮುಗಿದ ಹಾಗೆ, ಅನ್ನುತ್ತಿದ್ದಳು
ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ತಿರುವುತ್ತಾ.
ಅದೇ ದೊಡ್ಡವ್ವ, ಬದುವಿನ ಜಗಳದಲ್ಲಿ
ಮೈದುನನ ಎಮ್ಮೆಯ ಹಗ್ಗ ಕೊಯ್ದು ಬಂದ ರಾತ್ರಿ
"ಮುಯ್ಯಿ ತೀರ್ತು" ಎಂದು ಕೈ ತೊಳೆದು ಊಟಕ್ಕೆ ಕೂತಳು.
ಅದಕ್ಕೆಂದು ಬೇರೆ ವಹಿ ಇರಲಿಲ್ಲ.

ಸೇಡು ಅಂದಿದ್ದರೆ ಸುಲಭವಿತ್ತು, ಅದರ ಹಲ್ಲು ಕಾಣುತ್ತದೆ.
ಹಗೆ ಅಂದಿದ್ದರೆ ತುಸು ತಡವರಿಸುತ್ತಿದ್ದೆ:
ಜೋಳ ತುಂಬಿಡುವ ನೆಲದ ಕುಣಿಗೂ ನಮ್ಮಲ್ಲಿ ಹಗೆ ಎನ್ನುವುದುಂಟು.
ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನು ತೆರೆದೊಡನೆ ಇಳಿಯಬಾರದು,
ಕಂದೀಲು ಇಳಿಬಿಟ್ಟು, ಉರಿಯುತ್ತದೋ ಇಲ್ಲವೋ ನೋಡಬೇಕು.
ಇಲ್ಲಿಯವರು ಸೇಡನ್ನು ತೆಗೆದುಕೊಳ್ಳುತ್ತಾರೆ,
ಮೂಲೆ ಅಂಗಡಿಯಿಂದ ಹಾಲು ತೆಗೆದುಕೊಂಡ ಹಾಗೆ.
ನಾವು ತೀರಿಸುತ್ತೇವೆ, ಸಾಲವನ್ನು, ಹರಕೆಯನ್ನು ತೀರಿಸಿದ ಹಾಗೆ.
ಸತ್ತವರನ್ನೂ ತೀರಿಕೊಂಡರು ಎನ್ನುತ್ತೇವೆ.

"ಒಂದು ಶಬ್ದ ಸಾಕು," ಮ್ಯಾಜಿಸ್ಟ್ರೇಟಮ್ಮ, ಕನ್ನಡಕದ ಮೇಲಿಂದ.

ಬಟ್ಟಲು ನೋಡಿದೆ.
ಹನ್ನೆರಡು ವರ್ಷದ ಹಿಂದೆ ನೀಲಾಂಬಿಕೆಯ ಮದುವೆಗೆ
ಪ್ರಫುಲ್ಲಾಳೇ ಮಾಡಿದ್ದ ಮುಯ್ಯಿ ಅದು, ಬಾಗಲಕೋಟೆಯಲ್ಲಿ.
ಈಗ ಪ್ರಫುಲ್ಲಾಳ ಮದುವೆ.
ವರ ಮಾತ್ರ ಹಳಬನೇ.
ವಿಭೂತಿ ಹಚ್ಚಿ ಎಷ್ಟು ಉಜ್ಜಿದ್ದಾಳೆಂದರೆ
ಕೋರ್ಟಿನ ಟ್ಯೂಬ್‌ಲೈಟು ಪೂರಾ ಅದರೊಳಗೆ ಬಾಗಿ ಮಲಗಿತ್ತು.

ನಾನು ಹೇಳಿದೆ: ಉಡುಗೊರೆಗೆ ಪ್ರತಿಯಾಗಿ ಉಡುಗೊರೆ.
ಯಾಕೆ ಹಾಗಂದೆನೋ,
ಅವಳ ಒಣಗಿ ಬಿರಿದ ಬೆರಳು ನೋಡಿಯೋ, ಕೆಂಪು ರಟ್ಟು ನೆನೆದೋ.
ವಕೀಲರ ಪೆನ್ನು ನಿಂತಿತು.
ಹಿಂದಿನ ಬೆಂಚಿನಲ್ಲಿ ಯಾರೋ ಉಸಿರು ಬಿಟ್ಟರು.

ಆಗ ಗಾಜಿನ ಸಂದಿಯಿಂದ, ನನ್ನನ್ನಷ್ಟೇ ನೋಡುತ್ತಾ,
"ಅದಲ್ಲಕ್ಕಾ," ಅಂದಳು. "ಇನ್ನೊಂದು."

ಅದನ್ನೂ ಇಂಗ್ಲಿಷಿಗೆ ದಾಟಿಸುವುದು ನನ್ನ ಕೆಲಸ.
ದಾಟಿಸಿದೆ.

ಸಂಜೆ ಬಸ್ಸು, ಈ ಊರಿನವರು ಬೀಗುವ ಆ ವೃತ್ತವನ್ನು,
ಐದು ಮರಿವೃತ್ತಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಬಸುರಿ ವೃತ್ತವನ್ನು
ಸುತ್ತಿ ಸುತ್ತಿ ದಾಟುವಾಗ
ತೊಡೆಯ ಮೇಲೆ ಏಜೆನ್ಸಿಯ ಫಾರಂ ತುಂಬಿದೆ:
ಎರಡು ಗಂಟೆ ಹತ್ತು ನಿಮಿಷ.
ಹೋದ ತಿಂಗಳು ಅವರು ಹೇಳದೆ ಕಡಿದ ಬಸ್ ಚಾರ್ಜು
ಈ ಸಲದ ಲೆಕ್ಕಕ್ಕೆ ಸೇರಿಸಿ,
ಪೆನ್ನು ಮುಚ್ಚಿ,
ಮತ್ತೆ ತೆರೆದು,
ಮೇಲೊಂದು ಪೌಂಡು.