ಬೇಕಂತ ಬಿಟ್ಟ ತಪ್ಪು

ಇಪ್ಪತ್ತಾರು ವರ್ಷ ಕರಡು ತಿದ್ದಿದ ಕೈ ಇದು.
ಗದಗಿನ ಪ್ರೆಸ್ಸಿನಾಗ, ಮಸಿ ವಾಸನಿಯೊಳಗ,
ಪಂಚಾಂಗ, ಲಗ್ನಪತ್ರಿಕಿ, ಏಳನೇತ್ತೆ ಗೈಡು.
ಒಮ್ಮೆ ಯಾರದೋ ಪತ್ರಿಕ್ಯಾಗ
'ವಧು' ಹೋಗಿ 'ವಧೆ' ಆಗಿತ್ತು,
ಓಡಿ ಹೋಗಿ ಮಶಿನ್ನು ನಿಲ್ಲಿಸಿದ್ದೆ.

ಈಗ ಪ್ರೆಸ್ಸಿನ ಶಟರ್ ಇಳದೈತಿ.
ಫಕ್ಕೀರೇಶ ಅಂದ: "ಮನ್ಯಾಗ ಕುಂತು ಬರೀರಿ ಸರ,
ಐದು ಚಿಕ್ಕಿ ಒತ್ತರಿ, ಎರಡು ಸಾಲು ಹೊಗಳ್ರಿ,
ಒಂದಕ್ಕ ಇಪ್ಪತ್ತು. ಕೆಡಿಸಿ ಬರದರ ನಲವತ್ತು."
ಕೆಡಿಸೂದಕ್ಕ ಮೊದಲಿಂದನೂ ರೇಟು ಜಾಸ್ತಿ.

ಹಿಂಗಾಗಿ ನಾನು
ಮುಳಗುಂದ ನಾಕಾದ ಹಲ್ಲಿನ ಡಾಕ್ಟರ ಹತ್ರ
ಒಂದ ವಾರದಾಗ ಹನ್ನೊಂದು ಹಲ್ಲು ಕೀಳಿಸಿಕೊಂಡೆ, ನೋವಿಲ್ಲದ.
ಸ್ಟೇಷನ್ ರೋಡಿನ ಲಾಡ್ಜಿನಾಗ
ಪುಣೆಯ ನವದಂಪತಿ ಆಗಿ ಉಳಕೊಂಡೆ,
ಮರುದಿನ ವಿಜಯಪುರದ ಮೆಡಿಕಲ್ ರೆಪ್ ಆಗಿ.
ಕಾಲಿಡದ ಜಿಮ್ಮಿನಾಗ ಒಂಬತ್ತು ಕೇಜಿ ಇಳದೀನಿ.

"ವ್ಯಾಕರಣ ಭಾಳ ಚಂದ ಐತಿ ಸರ," ಅಂದ ಫಕ್ಕೀರೇಶ,
"ಅದಕ್ಕ ಯಾರೂ ನಂಬವಲ್ರು.
ಅಲ್ಲಲ್ಲಿ ಒಂದೊಂದು ತಪ್ಪು ಬಿಡ್ರಿ."
ಅವತ್ತು ಮೊದಲ ಸಲ
'ಅತ್ಯುತ್ತಮ'ದ ಒಂದು ತಕಾರ ತಗದೆ.
ಬೆರಳು ನಡಗಿತು.
ಒಳಗಿನ ಕೆಂಪು ಪೆನ್ನು ತಾನ ಎದ್ದು ಗೆರಿ ಎಳೀತು.

ಈಗ ಮಂದಿ ಸುಳ್ಳು ವಾಸನಿ ಮ್ಯಾಲೆ ಗೊತ್ತಾಗತಾವ.
'ಕುಟುಂಬ ಸಮೇತ ಒಮ್ಮೆ ಭೇಟಿ ಕೊಡಿ':
ಇದು ಹ್ಯಾಂಡ್‌ಬಿಲ್ಲಿನ ಮಾತು, ಉಂಡ ಬಾಯಿದಲ್ಲ.
ಒಂದ ಮುಂಜಾನಿ ಹದಿನಾಲ್ಕು ಮಂದಿ
ಒಂದ ಗೋಬಿ ಮಂಚೂರಿಗೆ ಕೈ ಮುಗದ್ರ
ತಿಳ್ಕೋರಿ, ಮಾಲಕನ ಸೋದರಳಿಯಾಗ ಕಾಲೇಜು ಸೂಟಿ.
ಸುಳ್ಳಿನ ಹೊಟ್ಟಿ ತುಂಬಿರತೈತಿ,
ಕೈ ತೊಳಿಯೂ ಜಾಗ ಮಾತ್ರ ಕಂಡಿರೂದಿಲ್ಲ.

ಎಲ್ಲಾನೂ ರೊಕ್ಕಕ್ಕಲ್ಲ ಮತ್ತ.
ಬೆಟಗೇರಿ ಕಟಿಂಗ್ ಶಾಪಿನ ಚನ್ನಬಸು ಹಡಪದ
ಯಾವುದೋ ಹೆಸರಿನ್ಯಾಗ ತನಗ ತಾನ ಬರಕೊಂಡಾನ:
"ಇವರ ಕೈ ಬಾಳ ಅಗುರ."
ಅಂಗಡಿ ಬೋರ್ಡಿನ್ಯಾಗೂ ಹಕಾರ ನುಂಗಿದಾಂವ,
ನನಗ ಗೊತ್ತಾಗೂದಿಲ್ಲೇನು?
ಅಷ್ಟೂ ವರ್ಷ ಗದ್ದ ಅಂವನ ಕತ್ತಿ ಮುಂದ ಇಟ್ಟೀನಿ,
ಈ ಮಾತು ಒಮ್ಮೆರೆ ಅಂದಿದ್ನೇನು?
ಕೆಳಗ 'ಹೌದು' ಅಂತ ಒತ್ತಿದೆ. ಪುಕ್ಕಟೆ.

ಮೊನ್ನೆ ನಲವತ್ತರ ಕೆಲಸ ಬಂತು:
ತುಳಜಾಸಾನ ಸಾವಜಿ ಖಾನಾವಳಿ ಕೆಡಿಸಬೇಕು.
ಕೆಡಿಸೂಕಿಂತ ಮೊದಲು ಇದ್ದದ್ದು ಓದಿದೆ.
ಶಾಂತಾ ಲಮಾಣಿ, ಡಂಬಳ, ಮೂರು ಚಿಕ್ಕಿ:
"ನೀರು ನಾಕ ಸಲ ಕೇಳಿದ್ಮ್ಯಾಲ ಬಂತು,
ಅಷ್ಟರಾಗ ಖಾರಕ್ಕ ಕಣ್ಣಾಗಿಂದ ಬಂದಿತ್ತು.
ಫ್ಯಾನು ಸುಮ್ಮನ ಸಪ್ಪಳ ಮಾಡತೈತಿ.
ಆದರ ಕೂಸು ಅತ್ತಾಗ ಅಲ್ಲಿ ಅಕ್ಕ ಎತಗೊಂಡು
ಹೊರಗ ಎಮ್ಮಿ ತೋರಿಸಿದ್ಲು.
ಬಾಣಂತನ ಆದ ಮ್ಯಾಲ
ಬಿಸಿ ಇದ್ದಾಗನ ಉಂಡಿದ್ದು ಅವತ್ತ."

ಏಳು ತಪ್ಪು ಇದ್ವು ಅದರಾಗ.
ಒಂದೂ ಬೇಕಂತ ಬಿಟ್ಟದ್ದಲ್ಲ.
ಒಂದೂ ತಿದ್ದಬೇಕು ಅನಸಲಿಲ್ಲ.

ಫೋನು ಬೋರಲು ಹಾಕಿ ಉಣ್ಣಾಕ ಕುಂತೆ.
"ಎಣ್ಣಿಗಾಯಿ ಹೆಂಗಾಗೈತಿ?" ದಾಕ್ಷಾಯಣಿ ಕೇಳಿದ್ಲು.
"ಭಾಳ ಚಲೋ."
ಆಕಿ ಸೌಟು ಹಿಡಕೊಂಡು ಹಂಗ ನಿಂತ್ಲು:
"ಇದಕ್ಕೆಷ್ಟು ಕೊಡ್ತಾರ?"

ಇನ್ನೊಂದು ತುತ್ತು ತಗೊಂಡೆ, ಈ ಸಲ ರುಚಿ ನೋಡಿ.
"ಉಪ್ಪು ಕಡಿಮಿ. ಶೇಂಗಾ ಒಂಚೂರು ಹಸಿ ಉಳದೈತಿ."

ಉಪ್ಪಿನ ಡಬ್ಬಿ ನನ್ನ ಕಡೆ ತಳ್ಳಿ
ಆಕಿ ಎದುರಿಗೆ ಕುಂತ್ಲು, ತನ್ನ ತಾಟು ತಗೊಂಡು.
ಫಕ್ಕೀರೇಶನ ಫೋನು ಎರಡು ಸಲ ಬಂದು ನಿಂತಿತು.
ನಾಳಿಗೆ ಜಿಮ್ಮಿಂದು ಮೂರು ಬಾಕಿ ಅದಾವ.
ಬರೀತೀನೋ ಏನೋ.