ಹುಳವಲ್ಲ

ಮೈಂದರ್ಗಿಯ ಕಾಳಿನಂಗಡಿಯ ಹಿಂದೆ
ತಗಡಿನ ನೆರಳಲ್ಲಿ, ಬಿಳಿ ಹಾಳೆಯ ಮೇಲೆ
ಒಂದು ಹಿಡಿ ಜೋಳ ಸುರುವಿಕೊಂಡು
ಬಗ್ಗಿ ಕೂತಿದ್ದೇನೆ ಮೂರು ದಿನದಿಂದ.
ಮೊಬೈಲಿನ ಕಣ್ಣಿಗೆ ಕ್ಲಿಪ್ಪು ಕಚ್ಚಿದ ಲೆನ್ಸು.
ಚಿತ್ರಕ್ಕೆ ಎರಡು ರೂಪಾಯಿ,
ಅಲುಗಿದ್ದಕ್ಕೆ ಇಲ್ಲ.

ಎಳ್ಳುಕಾಳಿನಷ್ಟು ನುಸಿ.
ಬೆನ್ನ ಮೇಲೆ ನಾಲ್ಕು ಮಾಸಿದ ಕೆಂಪು ಚುಕ್ಕಿ,
ಮುಖವೆಂದರೆ ಬರೀ ಮೂತಿ,
ಮೂತಿಗೆ ಮೊಣಕೈ ಮಡಚಿದಂಥ ಎರಡು ಮೀಸೆ.
ಉಸಿರು ತಾಗಿದರೆ ಸಾಕು
ಕಾಲು ಮುದುಡಿ ಬೀಳುತ್ತದೆ, ಸತ್ತ ಹಾಗೆ.
ಕಾಯಬೇಕು.
ಅದರ ಸಾವು ಮುಗಿಯುವ ತನಕ
ನಾನೂ ಉಸಿರು ಹಿಡಿದಿರಬೇಕು.

ಅಕ್ಕಿಯದೊಂದು ಜಾತಿ, ಗೋವಿನಜೋಳದ್ದೊಂದು.
ಮೇಲಿಂದ ನೋಡಿದರೆ ಒಂದೇ ಬಸಿರಿನವು.
ಸೊಲ್ಲಾಪುರದ ಮೇಡಂ ಹೇಳಿದ್ದಾರೆ:
ಹೊಟ್ಟೆ ಬಗೆಯದೆ ತಿಳಿಯದು ಭೇದ.
ಯಂತ್ರಕ್ಕೆ ಬಗೆಯಲು ಬಾರದು.
ಐವತ್ತೊಂದು ಪಾಲು ಅದು, ನಲವತ್ತೊಂಬತ್ತು ಇದು
ಅನ್ನುತ್ತದೆ, ತಕ್ಕಡಿ ಹಿಡಿದ ಹೊಸ ಹುಡುಗನಂತೆ.

ಮೊರ ಹಿಡಿದ ಗೌರಾಬಾಯಿ ಬಂದು ಇಣುಕಿದಳು.
"ಅದರ ಹೆಸರ ಕಟ್ಟಿಕೊಂಡು ಏನ್ ಮಾಡ್ತಿ?
ನೀರಾಗ ಹಾಕು. ತೇಲಿದ್ದು ಅದು ತಿಂದದ್ದು,
ಮುಳಗಿದ್ದು ನಾವು ತಿನ್ನೂದು."
ಅನ್ನುತ್ತಲೇ ಕೈಚಾಚಿ ಕಾಳು ಸರಿಸಿದಳು.
ನನ್ನ ಬೆರಳು ಆಗಲೇ ಒತ್ತಿತ್ತು.

ಚಿತ್ರದಲ್ಲಿ ಅವಳ ಮುಂಗೈ.
ಮುಂಗೈ ಮೇಲೆ ಹಚ್ಚೆಯ ಮೂರು ಚುಕ್ಕಿ.
ಮೂರಕ್ಕೂ ಹಸಿರು ಚೌಕಟ್ಟು ಕಟ್ಟಿ
ಯಂತ್ರ ಹೇಳಿತು, ಈ ಸಲ ತಡವರಿಸದೆ:
ನುಸಿ. ನುಸಿ. ನುಸಿ.
ನೂರಕ್ಕೆ ತೊಂಬತ್ಮೂರು.

ಮೊರದ ಜೋಳ ಚೆಲ್ಲುವಷ್ಟು ನಕ್ಕಳು.
"ಏಳು ವರ್ಷದಾಕಿ ಇದ್ದಾಗ
ದುಧನಿ ಸಂತ್ಯಾಗ ಚುಚ್ಚಿಸಿದ್ದು.
ಬಾಯಾಗ ಬೆಲ್ಲ ಇಟ್ಟು ಹಿಡಕೊಂಡಿದ್ದಳು ನಮ್ಮವ್ವ.
ಐವತ್ತು ವರ್ಷಾತು,
ಒಂದು ಕಾಳೂ ತಿಂದಿಲ್ಲ ಇವು. ಬರಕೋ."

ಅಳಿಸಿಬಿಡಬಹುದಿತ್ತು. ಮೇಡಂ ಬಿಡುವುದಿಲ್ಲ:
ತಪ್ಪಿದ್ದನ್ನೇ ತಿರುತಿರುಗಿ ತೋರಿಸಬೇಕಂತೆ,
ಆಗಲೇ ಅದಕ್ಕೆ ಬುದ್ಧಿ ಬರುವುದಂತೆ.
ಗೌರಾಬಾಯಿ ಎಂದು ಬರೆಯಲು ಅಲ್ಲಿ ಜಾಗವಿಲ್ಲ,
ಹಚ್ಚೆ ಎಂದು ಬರೆಯಲೂ ಇಲ್ಲ.
ಹೊಟ್ಟು, ಹರಳು, ಇಲಿಯ ಹಿಕ್ಕೆಗಳ ಜೊತೆಗೆ
ಸೇರಿಸಿದೆ: ಹುಳವಲ್ಲ.

ಇನ್ನು ಯಾವ ಊರಿನ ಯಾವ ಗೋದಾಮಿನಲ್ಲೋ
ಕಪ್ಪು ಚುಕ್ಕಿಯೊಂದನ್ನು ಕಂಡು
ಯಂತ್ರ ಅರೆಗಳಿಗೆ ಅನುಮಾನಿಸಿದರೆ
ಅದು ಈ ಕೈಯ ದೆಸೆಯಿಂದ.
ಇದನ್ನು ಅವಳಿಗೆ ಹೇಗೆ ಹೇಳಲಿ ಎಂದು
ಹಾಳೆಯ ಕಡೆ ತಿರುಗಿದರೆ
ಸತ್ತು ಬಿದ್ದಿದ್ದ ನುಸಿ
ಅಂಚು ದಾಟಿ ಹೊರಟುಹೋಗಿತ್ತು,
ನನ್ನ ಎರಡು ರೂಪಾಯಿಯ ಸಮೇತ.