ಸೊನ್ನೆ ಟಿಕೆಟ್

ಬನಶಂಕರಿಗೆ ಹೊರಟಿದ್ದ ಬಸ್ಸಿನ ಬೋರ್ಡು ಕಿತ್ತು
‘ವಿಶೇಷ’ ಅಂತ ಸಿಕ್ಕಿಸಿದರು.
ಟೌನ್‌ಹಾಲ್ ಮೆಟ್ಟಿಲ ಮುಂದೆ ನಿಲ್ಲಿಸಿ ಅಂದರು, ನಿಲ್ಲಿಸಿದೆವು.
ಡ್ರೈವರ್ ಚನ್ನಿಗಪ್ಪ ಇಂಜಿನ್ ಆರಿಸಿ ಬೀಡಿ ಹುಡುಕಿದ.
ನಾನು ಸುಮ್ಮನೆ ಚಿಲ್ಲರೆ ಎಣಿಸಿದೆ.

ಮೆಟ್ಟಿಲ ಮೇಲಿದ್ದವರು ಕೂಗುತ್ತಲೂ ಇರಲಿಲ್ಲ,
ಕೂತು ಏನೋ ಓದುತ್ತಿದ್ದರು, ಒಬ್ಬರಾದ ಮೇಲೊಬ್ಬರು.
ಮೈಕಿನಲ್ಲಿ ಇನ್ಸ್‌ಪೆಕ್ಟರು: ನಿಷೇಧಾಜ್ಞೆ ಇದೆ,
ಐದು ಜನ ಸೇರುವಂತಿಲ್ಲ,
ಕೂಗೋದಿದ್ದರೆ ಫ್ರೀಡಂ ಪಾರ್ಕಿಗೆ ಹೋಗಿ.
ನಮ್ಮಪ್ಪನ ಬಾಯಲ್ಲಿ ಅದು ಕೊನೆವರೆಗೂ ಸೆಂಟ್ರಲ್ ಜೈಲೇ.
ಆಮೇಲೆ ಕೈಗಳು. ಕಂಕುಳಿಗೆ, ಕಾಲರಿಗೆ, ಒಂದು ಜಡೆಗೆ.
ಐದು ಜನ ಸೇರಬಾರದೆಂದವರೇ
ಅರವತ್ತಮೂರು ಜನರನ್ನು ನನ್ನ ಬಸ್ಸಿಗೆ ತುಂಬಿದರು.

ಅದರಲ್ಲೊಬ್ಬ ಕಲಾಸಿಪಾಳ್ಯದ ಬಸ್ಸಿಗೆ ಕಾದಿದ್ದವನು,
ಕೈಯಲ್ಲಿ ಮಿಕ್ಸಿಯ ಜಾರು.
ಸಾರ್, ನಾನು ರಿಪೇರಿಗೆ, ಅಂದ.
ಮುಂದೆ ಹೋಗೋ, ಅಂದರು.
ಲಾ ಓದುವ ಹುಡುಗಿ ಕೇಳಿದಳು: ಯಾವ ಸೆಕ್ಷನ್ನು, ಬರೆದುಕೊಡಿ.
ಪೇದೆಯೊಬ್ಬ ಉತ್ತರವಾಗಿ ಅವಳ ಮುಖವನ್ನು
ಮೊಬೈಲಿನಲ್ಲಿ ನಿಧಾನ ಹಿಡಿದ, ಈ ಕಿವಿಯಿಂದ ಆ ಕಿವಿಗೆ.
ಅವನ ಎದೆಯ ಮೇಲೆ ಹೆಸರಿನ ಪಟ್ಟಿಯ ಜಾಗದಲ್ಲಿ
ಎರಡು ಪಿನ್ನಿನ ತೂತು.

ಲಾಲ್‌ಬಾಗಿನ ಗೇಟು ದಾಟುವಾಗ
ಅಂಗನವಾಡಿಯ ಸೀರೆಯ ಹೆಂಗಸು ಕಂಬಿ ಹಿಡಿದು ಹಿಡಿದು ಬಂದಳು,
ಆಧಾರ್ ಚಾಚಿದಳು. ಸಾಕಮ್ಮ.
ಟಿಕೆಟ್ ಕೊಡವ್ವ.
ಇದಕ್ಕೆ ಟಿಕೆಟ್ಟಿಲ್ಲಮ್ಮ, ಬಿಟ್ಟಿ.
ನಂದು ಹೆಂಗೂ ಬಿಟ್ಟೀನೇ, ಸೊನ್ನೆದು ಕೊಡು.
ದಿನ, ಗಂಟೆ, ಹತ್ತಿದ ಜಾಗ ಅದರಲ್ಲಿ ಬತ್ತದೆ ತಾನೆ?
ಇವರು ಸಂಜೆಗೆ ಬಿಟ್ಬಿಡ್ತಾರೆ.
ಬಿಟ್ಟ ಮೇಲೆ, ನಿಮ್ಮನ್ನ ಹಿಡಿದೇ ಇಲ್ಲ ಅಂತಾರೆ.

ಮಿಷನ್ನು ಕೇಳಿತು, ಎಲ್ಲಿಂದ. ಟೌನ್‌ಹಾಲ್.
ಎಲ್ಲಿಗೆ.
ಆಡುಗೋಡಿಯ ಪೊಲೀಸ್ ಮೈದಾನ ನನ್ನ ಸ್ಟೇಜುಗಳಲ್ಲಿಲ್ಲ.
ಬನಶಂಕರಿ ಒತ್ತಿದೆ.
ಕರ್ರೆಂದು ಬಂದ ಚೀಟಿಯನ್ನು ಸಾಕಮ್ಮ
ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗಿಟ್ಟಳು.
ಆಮೇಲೆ ಆ ಹುಡುಗಿ ಕೈ ಚಾಚಿದಳು, ಆಮೇಲೆ ಗಂಡಸರು, ದುಡ್ಡು ಕೊಟ್ಟು.
ಯಾಕಮ್ಮಾ, ಅಂತ ಎಸ್ಸೈ ಹಿಂತಿರುಗಿದ.
ಅಭ್ಯಾಸ ಸಾರ್, ಅಂದೆ. ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು.

ಡಿಪೋದಿಂದ ಮೆಮೊ ಬಂದಿದೆ:
ಗುತ್ತಿಗೆ ಟ್ರಿಪ್ಪಿನಲ್ಲಿ ಟಿಕೆಟ್ ಹರಿದದ್ದೇಕೆ, ಮೂರು ದಿನದಲ್ಲಿ ಉತ್ತರಿಸಿ.
ಇವತ್ತು ಮೂರನೆಯದು.
‘ಪ್ರಯಾಣಿಕರು ಕೇಳಿದರು’ ಎಂದಷ್ಟೇ ಬರೆದು ಕೂತಿದ್ದೇನೆ.

ಮಿಕ್ಸಿ ಜಾರಿನವನು ನೂರರ ನೋಟು ಕೊಟ್ಟಿದ್ದ.
ಚಿಲ್ಲರೆ ಸಾಲದೆ, ರೂಢಿಯಂತೆ,
ಟಿಕೆಟ್ಟಿನ ಬೆನ್ನಿಗೆ ಎಂಬತ್ತು ಅಂತ ಗೀಚಿ ಸುತ್ತುಹಾಕಿದ್ದೆ.
ನನ್ನ ಅಕ್ಷರ ಅವನ ಹತ್ತಿರ ಇದೆ.
ಬಾಕಿ ಕೇಳಲು ಇನ್ನೂ ಬಂದಿಲ್ಲ.